ಡಿ-ಡಾ ಉಸ್ತಾದ

ಅಪ್ಪನ ಹದಿಮೂರನೇ ದಿನದ ಕಾರ್ಯ ಮುಗಿದ ಮೇಲೆ ಅಟ್ಟದಿಂದ ಕರಿ ಟ್ರಂಕು ಇಳಿಸಿದೆವು. ಪಿಂಚಣಿಯನ್ನು ಅವ್ವನ ಹೆಸರಿಗೆ ಮಾಡಿಸಲು ಬೇಕಾದ ಕಾಗದಗಳೆಲ್ಲ ಅದರಲ್ಲೇ ಇರಬೇಕಿತ್ತು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹುದ್ದೆ, ಹೆಸರು. ಬಡ್ತಿ ಸಿಕ್ಕಾಗೆಲ್ಲ ಹುದ್ದೆಯನ್ನು ಕೆರೆದು ತಿದ್ದಿದ ಗುರುತು ಹಾಗೇ ಇತ್ತು. ಒಳಗೆ ಪಿಂಚಣಿ ಆದೇಶ, ಡಿಸ್ಚಾರ್ಜ್ ಪುಸ್ತಕ, ಅವ್ವನ ಖಣದ ತುಂಡೊಂದರಲ್ಲಿ ಗಂಟು ಕಟ್ಟಿದ ಪದಕಗಳು: 1965ರ ರಕ್ಷಾ ಮೆಡಲ್, 1971ರ ಸಂಗ್ರಾಮ್ ಮೆಡಲ್, ಪಶ್ಚಿಮಿ ಸ್ಟಾರ್. ಇವೆಲ್ಲ ಹೇಗೆ ಬೇಕೋ ಹಾಗೆ ಬಿದ್ದಿದ್ದವು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮೇಲೆ ರಬ್ಬರ್ ಬ್ಯಾಂಡ್ ಬಿಗಿದು ಜೋಪಾನ ಮಾಡಿದ್ದು ಒಂದನ್ನೇ. ರೇಡಿಯೋ ಲೈಸೆನ್ಸಿನ ಪುಸ್ತಕ.

ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸು ಬೇಕಿತ್ತು ಎಂದರೆ ನನ್ನ ಮಗ ನಗುತ್ತಾನೆ. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ 15 ರೂಪಾಯಿ ಕಟ್ಟಿ ಮುದ್ರೆ ಹಾಕಿಸಿಕೊಂಡು ಬರಬೇಕಿತ್ತು. ಎಂಬತ್ತರ ದಶಕದ ನಡುವೆ ಸರ್ಕಾರ ಅದನ್ನು ರದ್ದು ಮಾಡಿತು. ನಮ್ಮ ಪುಸ್ತಕದಲ್ಲಿ ಒಂದು ವರ್ಷವೂ ತಪ್ಪಿಲ್ಲ. 1972ರ ಮುದ್ರೆಯೂ ಇದೆ. ಯುದ್ಧ ಮುಗಿದು ಮೂರು ವಾರವಾಗಿತ್ತು, ಅಪ್ಪನಿಂದ ಸುದ್ದಿ ಇರಲಿಲ್ಲ, ಅವ್ವ ದಿನವೂ ಟಪಾಲಿನವನ ದಾರಿ ಕಾಯುತ್ತಿದ್ದಳು. ಕೊನೆಗೆ ಬಂದ ಇನ್‌ಲ್ಯಾಂಡಿನಲ್ಲಿ ಎರಡೇ ಸಾಲು: ‘ನಾ ಆರಾಮ ಅದೀನಿ. ರೇಡಿಯೋ ಲೈಸೆನ್ಸ್ ಕಟ್ಟೀಯೋ ಇಲ್ಲೋ?’ ಅವ್ವ ಅತ್ತಳಂತೆ, ಆಮೇಲೆ ಬೈದಳಂತೆ, ಆಮೇಲೆ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿ 15 ರೂಪಾಯಿ ಕಟ್ಟಿ ಬಂದಳಂತೆ. ಆಗ ನನಗೆ ಮೂರೂವರೆ ವರ್ಷ.

ಆ ರೇಡಿಯೋ ಮರ್ಫಿ. 1969ರ ರಜೆಯಲ್ಲಿ ಬಂದಾಗ ಅಪ್ಪ ಹುಬ್ಬಳ್ಳಿಯಲ್ಲಿ ಕೊಂಡದ್ದು. ಸ್ವಿಚ್ ತಿರುವಿದ ಕೂಡಲೇ ಮಾತಾಡುವ ಜಾತಿಯದಲ್ಲ. ವಾಲ್ವುಗಳು ಕಾಯಬೇಕು, ಹಿಂಬದಿಯ ರಟ್ಟಿನ ತೂತುಗಳಲ್ಲಿ ಕೆಂಡದಂಥ ಬೆಳಕು ಕಾಣಬೇಕು, ಸುಟ್ಟ ಧೂಳಿನ ವಾಸನೆ ಬರಬೇಕು. ಮುಂದುಗಡೆ ಒಂದು ಹಸಿರು ಕಣ್ಣು. ಸ್ಟೇಷನ್ ಸರಿಯಾಗಿ ಹಿಡಿದರೆ ಅದರ ಎರಡು ರೆಪ್ಪೆ ಹತ್ತಿರ ಬಂದು ಕೂಡಿಕೊಳ್ಳುತ್ತಿದ್ದವು. ಶನಿವಾರ ರಾತ್ರಿ ಒಂಬತ್ತೂವರೆಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮಕ್ಕೆ ಅಪ್ಪ ದೀಪ ಆರಿಸುತ್ತಿದ್ದ. ಕತ್ತಲ ಕೋಣೆಯಲ್ಲಿ ಆ ಹಸಿರು ಕಣ್ಣು, ಅದರೆದುರು ಬೆನ್ನು ನೆಟ್ಟಗೆ ಮಾಡಿ ಕೂತ ಅಪ್ಪ. ಆಲಾಪ ನಡೆದಾಗ ಕೆಮ್ಮು ಬಂದರೂ ಹೊರಗೆ ಹೋಗಿ ಕೆಮ್ಮಬೇಕು. ಒಮ್ಮೆ ಮನೆಗೆ ಬಂದ ಬೀಗರಿಗೂ ಅದೇ ಕಾಯಿದೆ ಹಾಕಿ, ಆ ಸಂಬಂಧ ಇವತ್ತಿಗೂ ಸ್ವಲ್ಪ ಕಹಿಯಾಗಿಯೇ ಇದೆ.

ಅಪ್ಪ ಹಾಡುತ್ತಿರಲಿಲ್ಲ. ಗುನುಗಿದ್ದನ್ನೂ ನಾನು ಕೇಳಿಲ್ಲ. ಕೇಳುವುದಷ್ಟೇ ಅವನ ಕೆಲಸ. ಕುಂದಗೋಳದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದವನಿಗೆ ಅದು ಬಿತ್ತಿಗೆಯಷ್ಟೇ ಸಹಜವಾಗಿ ಬಂದಿತ್ತೋ ಏನೋ. ಸವಾಯಿ ಗಂಧರ್ವರ ಊರು ಅದು. ಗದಗಿನ ಮನೆ ಬಿಟ್ಟು ಓಡಿಹೋಗಿದ್ದ ಹುಡುಗ ಭೀಮಸೇನ ಜೋಶಿ ಕೊನೆಗೆ ಬಂದು ನಿಂತು ಗುರುವಿನ ಮನೆಗೆ ನೀರು ಹೊತ್ತದ್ದು ಅಲ್ಲಿ. ಗಂಗೂಬಾಯಿ ಹಾನಗಲ್ಲರು ಪಾಠಕ್ಕೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದದ್ದು ಅಲ್ಲಿಗೆ. ಗುರುಗಳು 1952ರಲ್ಲಿ ತೀರಿಕೊಂಡ ಮೇಲೆ ಅವರ ನೆನಪಿಗೆ ನಾಡಿಗೇರ ವಾಡೆಯಲ್ಲಿ ರಾತ್ರಿಯಿಡೀ ಹಾಡು ನಡೆಯುತ್ತಿತ್ತು. ಅಪ್ಪ ಹುಡುಗನಿದ್ದಾಗ ಅವರಪ್ಪನ ಹೆಗಲ ಮೇಲೆ ಕೂತು ಹೋಗಿ, ಕಂಬಕ್ಕೆ ಒರಗಿ ನಿದ್ದೆ ಮಾಡಿ, ಬೆಳಗಿನ ಜಾವದ ಭೈರವಿಗೆ ಎಚ್ಚರಾಗುತ್ತಿದ್ದನಂತೆ. ‘ನಿದ್ದಿ ಮಾಡಿದ್ದೂ ಕೇಳಿದ್ದ ಲೆಕ್ಕ, ತಂಗಿ’ ಎನ್ನುತ್ತಿದ್ದ. ಕಿವಿಗೆ ರೆಪ್ಪೆ ಇಲ್ಲವಲ್ಲ.

ಚೀನಾ ಯುದ್ಧದ ಮರುವರ್ಷ, 1963ರಲ್ಲಿ, ಸೈನ್ಯ ಸೇರಿದ. ಇಪ್ಪತ್ತರ ಹುಡುಗ. ಯಾವ ಪುಣ್ಯಾತ್ಮ ಪರೀಕ್ಷೆ ಮಾಡಿದನೋ, ಇವನನ್ನು ಸಿಗ್ನಲ್ಸ್‌ಗೆ ಹಾಕಿದ. ಬಂದೂಕಿಗಿಂತ ಹೆಚ್ಚು ಹೊತ್ತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಳೆದ ಸಿಪಾಯಿ ಇವನು. ಊರಲ್ಲಿ ಜನ ‘ಎಷ್ಟು ಮಂದೀನ ಹೊಡದ್ಯೋ?’ ಎಂದು ಕೇಳಿದರೆ, ‘ನಾ ಕೇಳಾಂವ’ ಎಂದು ಸುಮ್ಮನಾಗುತ್ತಿದ್ದ. ಅವರಿಗೆ ಅರ್ಥವಾಗುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವೆ ಅಪ್ಪನಿಗೆ ಜಬಲ್ಪುರದ ಸಿಗ್ನಲ್ಸ್ ತರಬೇತಿ ಕೇಂದ್ರದಲ್ಲಿ ಕಲಿಸುವ ಕೆಲಸ ಸಿಕ್ಕಿತು. ಮೂರು ವರ್ಷ ನಾವೂ ಅಲ್ಲಿದ್ದೆವು. ಹೊಸ ಹುಡುಗರು ದಾರಿಯಲ್ಲಿ ಕಂಡರೆ ಕಾಲು ಜೋಡಿಸಿ ‘ರಾಮ್ ರಾಮ್, ಉಸ್ತಾದ್’ ಎನ್ನುತ್ತಿದ್ದರು. ಕವಾಯತು ಕಲಿಸುವವನೂ ಸೈನ್ಯದಲ್ಲಿ ಉಸ್ತಾದನೇ. ನನಗೆ ಗೊತ್ತಿದ್ದ ಉಸ್ತಾದರೆಲ್ಲ ರೇಡಿಯೋದೊಳಗೆ ಹಾಡುವವರು. ಹಾಗಾಗಿ ನಮ್ಮಪ್ಪ ನಮಗೆ ಕೇಳದ ಹಾಗೆ ಎಲ್ಲೋ ಹೋಗಿ ಹಾಡಿ ಬರುತ್ತಾನೆ ಎಂದು ಬಹಳ ದಿನ ನಂಬಿದ್ದೆ.

ಒಂದು ರೀತಿಯಲ್ಲಿ ಹೌದೇ ಆಗಿತ್ತು. ಮೋರ್ಸ್ ಕಲಿಯಲು ಬಂದವರು ಚುಕ್ಕೆ, ಗೆರೆ ಎಂದು ಎಣಿಸಲು ಹೋಗಿ ಎಡವುತ್ತಿದ್ದರಂತೆ. ಎಣಿಸುವಷ್ಟರಲ್ಲಿ ಮುಂದಿನ ಅಕ್ಷರ ಬಂದಿರುತ್ತದೆ. ಅಪ್ಪ ಬರೆಸುತ್ತಿರಲಿಲ್ಲ, ಬಾಯಿಪಾಠ ಮಾಡಿಸುತ್ತಿದ್ದ. ಎ ಅಂದರೆ ‘ಡಿ-ಡಾ’, ಎನ್ ಅಂದರೆ ‘ಡಾ-ಡಿ’. ತಬಲಾ ಕಲಿಯುವವರು ಬೋಲು ಹೇಳುವ ಹಾಗೆ. ಸಂಜೆ ಮನೆಗೆ ಬಂದರೂ ಬೆರಳು ನಿಲ್ಲುತ್ತಿರಲಿಲ್ಲ. ಊಟಕ್ಕೆ ಕೂತಾಗ ತಾಟಿನ ಅಂಚಿಗೆ ತಟ್ಟುತ್ತಿದ್ದ. ಅದು ತೀನ್‌ತಾಲದ ಠೇಕಾನೋ, ಸಂದೇಶಾನೋ ನಮಗೆ ತಿಳಿಯುತ್ತಿರಲಿಲ್ಲ. ಅವ್ವ ಮಾತ್ರ ‘ಇನ್ನೊಂದು ರೊಟ್ಟಿ ಬೇಕಂತ’ ಎಂದು ಹಾಕಿಬಿಡುತ್ತಿದ್ದಳು. ಅಪ್ಪ ತಿನ್ನುತ್ತಿದ್ದ.

ಯುದ್ಧದ ಬಗ್ಗೆ ಅವನು ಹೇಳಿದ್ದು ಒಂದೇ ಸಂಗತಿ, ಅದೂ ಒಂದೇ ಸಲ. ನನ್ನ ಮದುವೆಯ ಹಿಂದಿನ ರಾತ್ರಿ, ಹಂದರದ ಕೆಳಗೆ, ನಿದ್ದೆ ಬಾರದೆ ಇಬ್ಬರೂ ಕೂತಿದ್ದಾಗ. ಮೋರ್ಸ್ ಒತ್ತುವ ಒಬ್ಬೊಬ್ಬನ ಕೈಯೂ ಬೇರೆ. ಒಬ್ಬ ಡಾ ಎಳೆಯುತ್ತಾನೆ, ಒಬ್ಬ ಅಕ್ಷರಗಳ ನಡುವೆ ಉಸಿರು ಬಿಡುವುದಿಲ್ಲ. ಹೆಸರು ಹೇಳಬೇಕಾಗಿಲ್ಲ, ಎರಡು ಅಕ್ಷರ ಬರುವಷ್ಟರಲ್ಲಿ ಆ ಕಡೆ ಯಾರಿದ್ದಾರೆ ಎಂದು ಗೊತ್ತಾಗುತ್ತದೆ. 1971ರ ಡಿಸೆಂಬರಿನಲ್ಲಿ ದಿನಗಟ್ಟಲೆ ಇವನಿಗೆ ಆ ಕಡೆಯಿಂದ ಬರುತ್ತಿದ್ದದ್ದು ಒಂದೇ ಕೈ. ಕೇರಳದವನು. ಡಾ ಸ್ವಲ್ಪ ಉದ್ದ, ವಿಲಂಬಿತದ ಮನುಷ್ಯ. ಆಮೇಲೆ ಒಂದು ರಾತ್ರಿ ರೇಡಿಯೋ ಸೈಲೆನ್ಸ್ ಆಜ್ಞೆ ಬಂತು. ಸೆಟ್ ಚಾಲೂ ಇರಬೇಕು, ಕಿವಿ ಕೊಟ್ಟು ಕೂತಿರಬೇಕು, ಒಂದು ಚುಕ್ಕೆಯನ್ನೂ ಕಳಿಸಕೂಡದು. ಗಂಟೆಗಟ್ಟಲೆ ಹೆಡ್‌ಫೋನಿನಲ್ಲಿ ಬರೀ ಸರ್ರ್ ಎನ್ನುವ ಸದ್ದು. ‘ಆ ಸದ್ದಿನೊಳಗ ಏನ್ ಬೇಕಾದ್ದು ಕೇಳ್ತದ ನೋಡು. ನನಗ ತಂಬೂರಿ ಕೇಳ್ತಿತ್ತು.’ ಬೆಳಗಿನ ಜಾವ ಆಜ್ಞೆ ತೆರವಾಯಿತು. ಆ ಕಡೆಯಿಂದ ಕರೆ ಬಂತು, ಅದೇ ಸಂಕೇತ, ಅದೇ ಸ್ಟೇಷನ್ನು.

‘ಕೈ ಬ್ಯಾರೆ ಇತ್ತು’ ಎಂದ ಅಪ್ಪ.

ನಾನು ಮುಂದೇನಾಯಿತು ಎಂದು ಕೇಳಲಿಲ್ಲ. ಅವನೂ ಹೇಳಲಿಲ್ಲ. ಹಂದರದ ಬಿದಿರಿಗೆ ಬೆರಳು ತಟ್ಟುತ್ತ ಕೂತಿದ್ದ.

ಇತ್ತ ಅವ್ವನದು ಬೇರೆ ರೇಡಿಯೋ ಕತೆ. ಆಲಾಪ, ತಾನ್ ಅವಳಿಗೆ ಆಗಿಬರುತ್ತಿರಲಿಲ್ಲ. ‘ಒಂದ ಸಾಲು ತಾಸುಗಟ್ಟಲೆ ಹಾಡ್ತಾರ, ಮುಂದಿನ ಸಾಲು ಮರತಾರೇನು?’ ಎಂಬುದು ಹಿಂದೂಸ್ತಾನಿ ಸಂಗೀತದ ಬಗ್ಗೆ ಅವಳ ವಿಮರ್ಶೆ. ಅದಕ್ಕಿಂತ ಚುಟುಕಾದ ವಿಮರ್ಶೆ ನಾನು ಇನ್ನೂ ಓದಿಲ್ಲ. ಅಪ್ಪ ಗಡಿಯಲ್ಲಿದ್ದಾಗ ಅವಳು ಸಂಜೆ ತಪ್ಪದೆ ಹಾಕುತ್ತಿದ್ದದ್ದು ವಿವಿಧ ಭಾರತಿಯ ಜಯಮಾಲಾ. ಸಿಪಾಯಿಗಳು ಕೇಳಿದ ಸಿನಿಮಾ ಹಾಡುಗಳು. ಹಾಡಿಗೆ ಮೊದಲು ಅವರ ಹೆಸರುಗಳನ್ನು ರೈಲು ಓಡಿದಂತೆ ಓದುತ್ತಿದ್ದರು. ಒಂದು ದಿನ ಆ ಸಾಲಿನಲ್ಲಿ ಅಪ್ಪನ ಹೆಸರು ಬಂತು. ಲತಾ ಮಂಗೇಶ್ಕರ್ ಹಾಡಿದರು. ಅವ್ವ ಓಣಿಯ ಮಂದಿಗೆಲ್ಲ ಸಕ್ಕರೆ ಹಂಚಿದಳು.

ರಜೆಗೆ ಬಂದ ಅಪ್ಪ ಸಾಫ್ ಹೇಳಿಬಿಟ್ಟ: ‘ನಾ ಯಾಕ ಬರೀಲಿ ಸಿನಿಮಾ ಹಾಡಿಗೆ? ನಮ್ಮ ರೆಜಿಮೆಂಟಿನ್ಯಾಗ ಅದ ಹೆಸರಿನಾಂವ ಇನ್ನೊಬ್ಬ ಇದ್ದಾನ, ವಿಜಾಪುರ ಕಡೆಯಾಂವ.’ ನಲವತ್ತೇಳು ವರ್ಷ ಈ ವ್ಯಾಜ್ಯ ನಡೆಯಿತು. ‘ಹೌದು, ನಾನ ಬರದಿದ್ದೆ’ ಎಂದು ಒಂದು ಸುಳ್ಳು ಹೇಳಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ. ಹೇಳಲಿಲ್ಲ. ಆ ವಿಷಯದಲ್ಲಿ ನಾನು ಇವತ್ತಿಗೂ ಅವ್ವನ ಕಡೆ.

1987ರಲ್ಲಿ ನಾಯಬ್ ಸುಬೇದಾರನಾಗಿ ಪಿಂಚಣಿಗೆ ಬಂದ. ಆಮೇಲೆ ಬ್ಯಾಂಕೊಂದರ ಬಾಗಿಲಲ್ಲಿ ಬಂದೂಕು ಹಿಡಿದು ನಿಂತ. ಸೈನ್ಯದಲ್ಲಿ ಹಿಡಿದದ್ದಕ್ಕಿಂತ ಹೆಚ್ಚು ಬಂದೂಕು ಹಿಡಿದದ್ದು ಇಲ್ಲೇ ಎಂದು ತಾನೇ ನಗುತ್ತಿದ್ದ. ಭಾನುವಾರ ಸೈನ್ಯದ ಲಂಗರಿನ ದಾಲ್ ಮಾಡುತ್ತಿದ್ದ, ನಾಲ್ಕು ಜನರ ಮನೆಗೆ ನಲವತ್ತು ಜನರ ಅಳತೆಯಲ್ಲಿ. ಟೀವಿಯಲ್ಲಿ ಯುದ್ಧದ ಸಿನಿಮಾ ಬಂದರೆ ಅವನ ಪಕ್ಕ ಕೂರುವುದು ಕಷ್ಟ. ಹೀರೋ ವೈರ್‌ಲೆಸ್ ಹಿಡಿದು ‘ಓವರ್ ಅಂಡ್ ಔಟ್’ ಎಂದ ಕೂಡಲೇ ಸಿಡುಕುತ್ತಿದ್ದ. ‘ಓವರ್ ಅಂದ್ರ ನಂದಾತು, ನೀ ಹೇಳು ಅಂತ. ಔಟ್ ಅಂದ್ರ ಮಾತ ಮುಗೀತು ಅಂತ. ಎರಡೂ ಕೂಡೆ ಹ್ಯಾಂಗ ಹೇಳ್ತಾನ ಅಂವ?’

ನನ್ನನ್ನು ತಬಲಾ ಕ್ಲಾಸಿಗೆ ಸೇರಿಸಿದ್ದು ಅಪ್ಪನೇ. ಜಬಲ್ಪುರದಿಂದ ಮರಳಿದ ವರ್ಷ. ‘ಹೆಣ್ಣು ಹುಡುಗಿ ತಬಲಾ ಬಡ್ಯೂದಂದ್ರ?’ ಎಂದು ಅವ್ವ ಅಡ್ಡ ಬಂದಳು. ಗಂಗೂಬಾಯಿಯವರ ದನಿ ಗಂಡಸಿನಂತಿದ್ದರೆ ಯಾರ ತಕರಾರೂ ಇಲ್ಲ, ಇವಳ ಕೈ ಗಂಡಸಿನದಾದರೆ ಏನಾಯಿತು ಎಂಬುದು ಅಪ್ಪನ ವಾದ. ಎರಡು ವರ್ಷ ಕಲಿತೆ. ಎಣಿಸುವುದು ಬಿಡಲಿಲ್ಲ, ಕೇಳುವುದು ಬರಲಿಲ್ಲ. ಬಿಟ್ಟೆ. ಅಪ್ಪ ಬೈಯಲಿಲ್ಲ. ಆ ತಬಲಾ ಜೋಡಿಗೆ ಹೊಸ ಗವಸು ಹೊಲಿಸಿ ರೇಡಿಯೋ ಪಕ್ಕ ಇಟ್ಟ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಎಪ್ಪತ್ತು ದಾಟುವಷ್ಟರಲ್ಲಿ ಅಪ್ಪನ ಕಿವಿ ಹೋಯಿತು. ತೋಪಿನ ಸದ್ದು, ಹೆಡ್‌ಫೋನು, ವಯಸ್ಸು, ಯಾವುದಕ್ಕೆ ಎಷ್ಟು ಪಾಲು ಎಂದು ಡಾಕ್ಟರರೂ ಹೇಳಲಿಲ್ಲ. ಮೊದಲು ಹೋದದ್ದು ಮೇಲಿನ ಸ್ವರಗಳು. ಶ್ರವಣಯಂತ್ರ ತಂದುಕೊಟ್ಟೆವು. ಅದು ಮಾತು ಕೇಳಲಿಕ್ಕೆ ಮಾಡಿದ ಯಂತ್ರ. ತಂಬೂರಿಯ ನಾದವನ್ನು ಬೇಡದ ಗದ್ದಲವೆಂದು ತಿಳಿದು ಅಡಗಿಸಲು ನೋಡುತ್ತದೆ. ಮೂರು ದಿನ ಹಾಕಿಕೊಂಡು, ‘ಇದರಾಗ ನಿಮ್ಮ ಅವ್ವ ಒಬ್ಬಾಕಿನ ಚೊಲೊ ಕೇಳ್ತಾಳ’ ಎಂದು ತೆಗೆದಿಟ್ಟ. ಆಮೇಲೆ ಮರ್ಫಿಯ ಮೇಲೆ ಅಂಗೈ ಊರಿ ಕೂರತೊಡಗಿದ. ಮರದ ಪೆಟ್ಟಿಗೆ ನಡುಗುವುದು ಕೈಗೆ ತಿಳಿಯುತ್ತದೆ. ಒಂದು ಬೆಳಗ್ಗೆ ಧಾರವಾಡ ಆಕಾಶವಾಣಿಯಿಂದ ಹಳೆಯ ಧ್ವನಿಮುದ್ರಣ ಬರುತ್ತಿತ್ತು. ಅಂಗೈ ಊರಿದವನೇ ‘ಮನಸೂರ ಅಣ್ಣಾವ್ರು’ ಎಂದ. ಹೌದು, ಮಲ್ಲಿಕಾರ್ಜುನ ಮನಸೂರರೇ.

2018ರಲ್ಲಿ, ಆಸ್ಪತ್ರೆಯ ಕೊನೆಯ ಎರಡು ದಿನ ಮಾತಿರಲಿಲ್ಲ. ಬಲಗೈಯ ತೋರುಬೆರಳು ಮಂಚದ ಕಂಬಿಗೆ ತಟ್ಟುತ್ತಲೇ ಇತ್ತು. ನನ್ನ ತಮ್ಮ ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡ. ಆಮೇಲೆ ಅಪ್ಪನ ಜೊತೆ ಸಿಗ್ನಲ್ಸ್‌ನಲ್ಲಿದ್ದ ಒಬ್ಬ ಸುಬೇದಾರರಿಗೆ ತೋರಿಸಿದೆವು. ಕನ್ನಡಕ ಒರೆಸಿಕೊಂಡು ಮೂರು ಸಲ ನೋಡಿದರು. ‘ಇದು ಮೋರ್ಸ್ ಅಲ್ರಿ, ತಾಳ ಇದ್ದೀತು’ ಎಂದರು. ನನ್ನ ಹಳೆಯ ತಬಲಾ ಗುರುಗಳಿಗೆ ತೋರಿಸಿದೆ. ‘ತಾಳ ಅಲ್ಲವಾ ಇದು, ನಿಮ್ಮ ಮಿಲಿಟರಿದ ಏನರ ಇರಬೇಕು’ ಎಂದರು. ಅವ್ವನಿಗೆ ತೋರಿಸಿಲ್ಲ. ರೊಟ್ಟಿ ಕೇಳಿದ್ದು ಎಂದರೆ ತಡೆದುಕೊಳ್ಳುವುದು ಕಷ್ಟ.

ಮಣ್ಣಿಗೆ ಮಾಜಿ ಸೈನಿಕರ ಸಂಘದವರು ಹತ್ತೆಂಟು ಜನ ಬಂದರು. ಎಲ್ಲರೂ ಎಪ್ಪತ್ತು ದಾಟಿದವರು, ಎಲ್ಲರ ಬೂಟಿಗೂ ಪಾಲಿಶ್. ಬ್ಯೂಗಲ್ ಊದುವವರು ಯಾರೂ ಇರಲಿಲ್ಲ. ಒಬ್ಬರು ಮೊಬೈಲಿನಲ್ಲಿ ಲಾಸ್ಟ್ ಪೋಸ್ಟ್ ಹಚ್ಚಿದರು. ಎಲ್ಲರೂ ಸೆಲ್ಯೂಟ್ ಹೊಡೆದು ನಿಂತಾಗ ಮೊದಲು ಬಂದದ್ದು ಸಿಮೆಂಟಿನ ಜಾಹೀರಾತು. ಐದು ಸೆಕೆಂಡು. ಯಾರೂ ಕೈ ಇಳಿಸಲಿಲ್ಲ.

ಅವ್ವ ಈಗ ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ, ತಾನು ಹಯಾತ ಇದ್ದೇನೆಂದು ಹೆಬ್ಬೆಟ್ಟು ಒತ್ತಿ ಬರುತ್ತಾಳೆ. ಮೊದಲ ಪಿಂಚಣಿ ಬಂದಾಗ ಮರ್ಫಿಯನ್ನು ರಿಪೇರಿಗೆ ಕೊಡು ಎಂದಳು. ಅದು ಅಪ್ಪ ಹೋದ ವಾರವೇ ಸುಮ್ಮನಾಗಿತ್ತು. ಹಸಿರು ಕಣ್ಣು ಇನ್ನೂ ಹೊತ್ತಿಕೊಳ್ಳುತ್ತದೆ, ದನಿ ಮಾತ್ರ ಇಲ್ಲ. ಔಟ್‌ಪುಟ್ ವಾಲ್ವ್ ಹೋಗಿದೆ, ಇಎಲ್ 84, ಈಗ ಸಿಗೂದಿಲ್ರಿ ಎಂದು ರಿಪೇರಿಯವನು ಕೈಯಾಡಿಸಿದ. ಹುಬ್ಬಳ್ಳಿ, ಧಾರವಾಡ, ಗದಗ, ಬೆಳಗಾವಿ ಕಡೆ ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ವಾಲ್ವ್ ರೇಡಿಯೋ ಇದ್ದರೆ, ಅದರಲ್ಲಿ ಈ ವಾಲ್ವ್ ಒಂದು ಚಾಲೂ ಇದ್ದರೆ, ದಯಮಾಡಿ ತಿಳಿಸಿ. ನಾನೇ ಬಂದು ಒಯ್ಯುತ್ತೇನೆ. ಕೇಳಿದಷ್ಟು ರೊಕ್ಕ ಕೊಡುತ್ತೇವೆ. ಆದರೆ ಅವ್ವನೂ ಜೊತೆಗೆ ಬರುತ್ತಾಳೆ, ಸ್ವಲ್ಪ ಚೌಕಾಸಿ ಮಾಡುತ್ತಾಳೆ.