ಆಲೂರಿನಿಂದ ಬಂದ ಮೇಲೆ

ಫೆಬ್ರುವರಿ 4

ನಾಳೆ ಆಲೂರಿಗೆ ಹೊರಡಬೇಕು. ಹತ್ತು ದಿನದ ವಿಪಶ್ಯನ ಶಿಬಿರ. ಅಲ್ಲಿ ಮಾತಿಲ್ಲ, ಓದು ಬರಹವಿಲ್ಲ, ಮೊಬೈಲನ್ನು ಮೊದಲೇ ಒಪ್ಪಿಸಿಬಿಡಬೇಕು. ಅದಕ್ಕೇ ಇದನ್ನು ಈಗಲೇ ಬರೆದಿಡುತ್ತಿದ್ದೇನೆ: ನಮ್ಮ ಕೆರೆಯನ್ನು ಬಿಟ್ಟು ಓಡಿಹೋಗುತ್ತಿದ್ದೇನೆ ಅನ್ನಿಸುತ್ತಿದೆ. ಅದಕ್ಕೆ ಸೇರುವ ರಾಜಕಾಲುವೆಯಲ್ಲಿ ಕಕ್ಕಸಿನ ನೀರು ಹರಿಯುವುದು ನಿಂತಿಲ್ಲ. ಅದರ ಬಗ್ಗೆ ಹಾಕಿದ ಮಾಹಿತಿ ಹಕ್ಕಿನ ಅರ್ಜಿಗೆ 30 ದಿನ ತುಂಬಿ ವಾರವಾಯಿತು, ಉತ್ತರವಿಲ್ಲ. ಇಂಥ ಹೊತ್ತಲ್ಲಿ ಕಣ್ಣು ಮುಚ್ಚಿ ಕೂರುವುದೇ?

ಆದರೆ ಹೋದ ವಾರ ಒಳಚರಂಡಿಯ ಎಂಜಿನಿಯರ್ ಮೇಲೆ ಫೋನಿನಲ್ಲಿ ಕೂಗಾಡಿ, ಅದೇ ದನಿಯಲ್ಲಿ ಮಗಳನ್ನು ಊಟಕ್ಕೆ ಕರೆದೆ. ಅವಳು ತಟ್ಟೆ ಎತ್ತಿಕೊಂಡು ಕೋಣೆಗೆ ಹೋದಳು. ಬಾಗಿಲು ಹಾಕಿಕೊಂಡ ಸದ್ದು ಇನ್ನೂ ಕಿವಿಯಲ್ಲಿದೆ.

ಫೆಬ್ರುವರಿ 16

ಬಂದೆ. ಬೆಳಗಿನ ನಾಲ್ಕಕ್ಕೆ ಗಂಟೆ. ಮೊದಲ ಮೂರು ದಿನ ಬರೀ ಉಸಿರು. ನಾಲ್ಕನೆಯ ದಿನದಿಂದ ಒಂದೊಂದು ಗಂಟೆ ಕೈಕಾಲು ಅಲುಗಿಸದೆ ಕೂರಬೇಕು. ಎಡ ಮಂಡಿಯಲ್ಲಿ ನೋವು ಕೆಂಡದ ಹಾಗೆ ಏರುವುದು, ತುಸು ನಡುಗುವುದು, ಆಮೇಲೆ ತಾನೇ ಕರಗುವುದು. ಒಂದು ಸಂಜೆ 2018ರಲ್ಲಿ ಬೆಳ್ಳಂದೂರು ಕೆರೆ ಹೊತ್ತಿ ಉರಿದದ್ದು ನೆನಪಾಗಿ ಎದೆ ಕುದಿಯಿತು. ನೋಡುತ್ತಾ ಕೂತೆ. ಅದೂ ಕರಗಿತು.

ಆಗ ಹೆದರಿಕೆಯಾಯಿತು. ಇಷ್ಟು ವರ್ಷ ನನ್ನನ್ನು ಹಾಸಿಗೆಯಿಂದ ಎಬ್ಬಿಸಿ ಕೆರೆಯ ಏರಿಗೆ ಕಳಿಸಿದ್ದೇ ಆ ಕುದಿತ. ಅದಿಲ್ಲದೆ ನಾನು ಹೋಗುತ್ತೇನೆಯೇ?

ಫೆಬ್ರುವರಿ 18

ಈ ಶಿಬಿರಗಳನ್ನು ಶುರುಮಾಡಿದ ಗೋಯೆಂಕಾ ಅವರ ಗುರು ಊ ಬಾ ಖಿನ್ ತಲೆಯಿಂದ ಹೋಗುತ್ತಿಲ್ಲ. ಅವರು ಕಾಡಿಗೆ ಹೋದವರಲ್ಲ. 1948ರಲ್ಲಿ ಸ್ವತಂತ್ರ ಬರ್ಮಾದ ಮೊದಲ ಅಕೌಂಟೆಂಟ್ ಜನರಲ್ ಆದವರು. ಕಚೇರಿಯಲ್ಲೇ ಸಿಬ್ಬಂದಿಗೆ ಧ್ಯಾನ ಹೇಳಿಕೊಟ್ಟರು, ದಿನವಿಡೀ ಲೆಕ್ಕದ ಕಡತಗಳ ನಡುವೆಯೇ ಇದ್ದರು. ಕಡತವೆಂದರೆ ಏನೆಂದು ಬಲ್ಲ ನನಗೆ ಹತ್ತಿರದವರು ಅನ್ನಿಸಿದರು.

ಹಾಗಂತ, ಒಬ್ಬೊಬ್ಬರ ಮನಸ್ಸು ತಿಳಿಯಾದರೆ ಲೋಕ ತಾನಾಗಿ ನೆಟ್ಟಗಾಗುತ್ತದೆ ಎನ್ನುವ ಮಾತನ್ನು ನಾನು ಒಪ್ಪಲಾರೆ. ಧ್ಯಾನ ಅಷ್ಟು ಆಳಕ್ಕೆ ಬೇರುಬಿಟ್ಟ ಅದೇ ಬರ್ಮಾದಲ್ಲಿ 1962ರಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. ನಾನು ಎಷ್ಟು ತಿಳಿಯಾಗಿ ಕೂತರೂ ಚರಂಡಿಯ ಪೈಪು ತಾನಾಗಿ ಮುಚ್ಚಿಕೊಳ್ಳುವುದಿಲ್ಲ.

ಫೆಬ್ರುವರಿ 19

ಅರ್ಜಿ ಕೊಟ್ಟಿದ್ದ ಕಚೇರಿ. ಎರಡೂವರೆ ಗಂಟೆ ಬೆಂಚಿನ ಮೇಲೆ. ಕಡತ ಬೇರೆ ಶಾಖೆಗೆ ಹೋಗಿದೆ ಅಂದರು. ಕಿವಿ ಬಿಸಿಯಾಯಿತು, ಸುಮ್ಮನೆ ಗಮನಿಸಿದೆ. ಮೊದಲ ಮೇಲ್ಮನವಿಯನ್ನು ಅಲ್ಲೇ ಕೂತು ಬರೆದು ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡೆ.

ಕಾಯುವಾಗ ಚೀಲದಲ್ಲಿದ್ದ ಹಳೆಯ ಪತ್ರ ತೆಗೆದೆ. ನವೆಂಬರಿನಲ್ಲಿ ನನ್ನ ದೂರಿಗೆ ಬಂದ ಉತ್ತರ. “ಪರಿಶೀಲಿಸಲಾಗುವುದು” ಎಂಬ ಮೊದಲ ಸಾಲು ಓದಿ ಸಿಟ್ಟಿನಲ್ಲಿ ಮುದುರಿ ತುರುಕಿದ್ದೆ. ಇವತ್ತು ಪೂರ್ತಿ ಓದಿದೆ. ಎರಡನೆಯ ಪುಟದ ಕೊನೆಯಲ್ಲಿ, ಒಳಚರಂಡಿ ಕೊಳವೆ ಕಾಲುವೆಗೆ ಸೇರಿರುವುದು ಕಂಡುಬಂದಿದೆ ಎಂದು ಅವರೇ ಬರೆದಿದ್ದಾರೆ, ಮ್ಯಾನ್‌ಹೋಲಿನ ಗುರುತಿನ ಸಮೇತ! ಮೂರು ತಿಂಗಳು ಅದು ನನ್ನ ಚೀಲದಲ್ಲೇ ಇತ್ತು.

ಫೆಬ್ರುವರಿ 22

ಬೆಳಗ್ಗೆ ಆರಕ್ಕೆ ಪತ್ರ ಹಿಡಿದು ಹೋದೆ. ಆ ಮ್ಯಾನ್‌ಹೋಲಿನ ಪಕ್ಕದಲ್ಲೇ, ಹೊಂಗೆಯ ಬೇರುಗಳ ಕೆಳಗೆ ಸಿಮೆಂಟ್ ಪೈಪು. ಕಪ್ಪು ನೀರು ಕಾಲುವೆಗೆ ಬಿದ್ದಲ್ಲಿ ನೊರೆ ಏಳುತ್ತಿದೆ. ಮೀನು ಹಿಡಿಯುವವರು ನನ್ನನ್ನು ಕಂಡು ಹತ್ತಿರ ಬಂದರು. “ಇಷ್ಟು ದಿನ ಎಲ್ಲೋಗಿದ್ರಮ್ಮ? ಹೋದ ವಾರ ಕೋಡಿ ಹತ್ರ ಮೀನೆಲ್ಲ ಸತ್ತು ತೇಲ್ತಿದ್ವು.”

ಹೋದ ವಾರ ನಾನು ಕಣ್ಣು ಮುಚ್ಚಿ ಕೂತಿದ್ದೆ. ಸಿಟ್ಟು ಬಂತು, ಅಳುವೂ ಬಂತು. ಈ ಸಲ ಎರಡೂ ಕರಗಲಿಲ್ಲ. ಕರಗಲಿ ಎಂದು ನಾನೂ ಕಾಯಲಿಲ್ಲ. ಎಂಜಿನಿಯರ್‌ಗೆ ಫೋನು ಮಾಡಿದೆ. ದನಿ ಏರಲಿಲ್ಲ. “ನಿಮ್ಮ ಪತ್ರದಲ್ಲಿರುವ ಜಾಗದಲ್ಲೇ ನಿಂತಿದ್ದೇನೆ ಸಾರ್. ನೀವು ಬರುವವರೆಗೂ ಇಲ್ಲೇ ಇರುತ್ತೇನೆ” ಅಂದೆ. ಹನ್ನೊಂದಾಗುತ್ತದೆ ಅಂದರು. ಮಗಳಿಗೂ ಫೋನು ಮಾಡಿ, ಡಬ್ಬಿಗೆ ಉಪ್ಪಿಟ್ಟು ಹಾಕಿಕೊಂಡು ಹೋಗು ಎಂದು ಹೇಳಿ, ಹೊಂಗೆಯ ಕೆಳಗೆ ಕೂತೆ.