ಭೋಸರಿಯ ಸಾಹೇಬರು, ಹಿಂಜವಾಡಿಯ ಮ್ಯಾನೇಜರು

ಧಾರವಾಡ ಬಿಟ್ಟು ಪುಣೆಗೆ ಬಂದದ್ದು 1994ರಲ್ಲಿ. ಕೆಲಸ ಭೋಸರಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ಒಂದು ಸಣ್ಣ ಕಾರ್ಖಾನೆಯಲ್ಲಿ. ಒಂದು ಜಾಬ್ ರಿಜೆಕ್ಟ್ ಆದರೆ ಸಾಹೇಬರು ಇಡೀ ಶಾಪಿನ ಎದುರು ಬೈಯುತ್ತಿದ್ದರು. ರಜೆ ಕೇಳಿದರೆ ಅರ್ಜಿ ಮುಟ್ಟದೆ ಎದ್ದು ಹೋಗುತ್ತಿದ್ದರು. ಆದರೂ ಡ್ರಾಯಿಂಗ್ ಓದುವುದನ್ನು, ಮೈಕ್ರೋಮೀಟರ್ ಹಿಡಿಯುವುದನ್ನು ನಾನು ಕಲಿತದ್ದು ಅವರಿಂದಲೇ.

ಆಗ ತಾಳಿಕೊಳ್ಳುವುದಕ್ಕೆ ಆಸರೆಗಳಿದ್ದವು. ಸಂಜೆ ಸೈರನ್ ಕೂಗಿದರೆ ಸಾಹೇಬರ ಅಧಿಕಾರ ಮುಗಿಯಿತು. ನಮ್ಮ ಖೋಲಿಯಲ್ಲಿ ಫೋನೇ ಇರಲಿಲ್ಲ. ಎಂಐಡಿಸಿಗೆ ಗುರುವಾರ ವಾರದ ರಜೆ, ಊರಿನ ಕಚೇರಿಗಳೆಲ್ಲ ಅಂದು ತೆರೆದಿರುತ್ತಿದ್ದವು. ‘ಸಕಾಳ್’ ಪತ್ರಿಕೆಯ ಜಾಹೀರಾತು ಹಿಡಿದು ಇಂಟರ್‌ವ್ಯೂಗೆ ಹೋಗಲು ಯಾರಿಗೂ ಸುಳ್ಳು ಹೇಳಬೇಕಿರಲಿಲ್ಲ.

ಬೈಗುಳಕ್ಕೆ ನಾನು ಕೆಲಸ ಬಿಡಲಿಲ್ಲ. ಅಳತೆ ತಪ್ಪಿದ ಶಾಫ್ಟುಗಳನ್ನು ಪಾಸು ಮಾಡಿ ಇನ್‌ಸ್ಪೆಕ್ಷನ್ ರಿಪೋರ್ಟಿಗೆ ಸಹಿ ಹಾಕೆಂದು ಸಾಹೇಬರು ಹೇಳಿದ ದಿನ ಬಿಡಲು ತೀರ್ಮಾನಿಸಿದೆ. ‘ಐದು ವರ್ಷ ತುಂಬಿಸು, ಗ್ರಾಚ್ಯುಟಿ ಸಿಗುತ್ತದೆ’ ಎಂದರು ಜೊತೆಯವರು. ವರ್ಷಕ್ಕೆ 15 ದಿನದ ಸಂಬಳಕ್ಕಾಗಿ ಅಂಥ ಸಹಿಗಳನ್ನು ಹಾಕುತ್ತಾ ಕೂರಲು ಮನಸ್ಸು ಒಪ್ಪಲಿಲ್ಲ. ಬೇರೆ ಕಡೆ ಕೆಲಸ ಖಾತ್ರಿಯಾದ ಮೇಲೆ ರಾಜೀನಾಮೆ ಕೊಟ್ಟೆ.

ಈಗ ತಂಗಿಯ ಮಗಳು ಪುಣೆಯ ಹಿಂಜವಾಡಿಯಲ್ಲಿ ಕೆಲಸಕ್ಕಿದ್ದಾಳೆ. ಅವಳ ಆಫೀಸಿಗೆ ಸೈರನ್ ಇಲ್ಲ. ರಾತ್ರಿ ಊಟದ ಹೊತ್ತಿಗೂ ಮ್ಯಾನೇಜರ ಮೆಸೇಜು ಬರುತ್ತದೆ. ವಾರಕ್ಕೆ 48 ಗಂಟೆ, ಮೀರಿದ್ದಕ್ಕೆ ಇಮ್ಮಡಿ ಸಂಬಳ ಎನ್ನುತ್ತದೆ ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ. ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕಳೆದ ಗಂಟೆಗಳನ್ನು ಅವಳ ಆಫೀಸಿನಲ್ಲಿ ಯಾರೂ ಬರೆದಿಡುವುದಿಲ್ಲ.

2024ರ ಜುಲೈಯಲ್ಲಿ ಇದೇ ಪುಣೆಯಲ್ಲಿ ಕೆಲಸಕ್ಕಿದ್ದ 26 ವರ್ಷದ ಚಾರ್ಟರ್ಡ್ ಅಕೌಂಟೆಂಟ್ ಅನ್ನಾ ಸೆಬಾಸ್ಟಿಯನ್ ಪೆರಯಿಲ್, ಕೆಲಸಕ್ಕೆ ಸೇರಿ ನಾಲ್ಕು ತಿಂಗಳಿಗೆ ತೀರಿಕೊಂಡಳು. ಕೆಲಸದ ಹೊರೆಯೇ ಕಾರಣವೆಂದು ತಾಯಿ ಬರೆದ ಪತ್ರವನ್ನು ಸೆಪ್ಟೆಂಬರಿನಲ್ಲಿ ದೇಶವೆಲ್ಲ ಓದಿತು. ಕಂಪನಿ ಅದನ್ನು ಒಪ್ಪಲಿಲ್ಲ. ಆ ಪತ್ರ ಓದಿದ ಮೇಲೆ ‘ಸ್ವಲ್ಪ ತಾಳಿಕೊ’ ಎಂಬ ಮಾತನ್ನು ಯಾವ ಮಕ್ಕಳಿಗೂ ಸಲೀಸಾಗಿ ಹೇಳಲಾರೆ.

ಮೊನ್ನೆ ತಂಗಿಯ ಮಗಳು ಕೇಳಿದಳು: “ಮಾಮಾ, ನೋಟಿಸ್ ಕೊಟ್ರ ಮೂರು ತಿಂಗಳು ಆ ಮ್ಯಾನೇಜರ ಕೈಯಾಗ ಹ್ಯಾಂಗ ಕಳೀಲಿ?”

ಎರಡು ಮಾತು ಕೇಳಿದೆ. ಅವರ ಹತ್ತಿರ ಏನಾದರೂ ಕಲಿಯುತ್ತಿದ್ದೀಯಾ? ರಾತ್ರಿ ನಿದ್ದೆ ಬರುತ್ತದೆಯಾ? ಎರಡಕ್ಕೂ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಬೇರೆ ಕೆಲಸ ಸಿಗುವ ತನಕ ನಾನು ಕಾದಿದ್ದೆ. ನನಗೆ ನಿದ್ದೆ ಬರುತ್ತಿತ್ತು.

“ನಾಳೆನ ಕೊಟ್ಟಬಿಡವಾ,” ಎಂದೆ. “ಕೊಟ್ಟಿದ್ದು ಮೇಲ್‌ನಾಗ ಇರಲಿ. ಆರು ತಿಂಗಳ ಖರ್ಚಿಗೆ ನಾವದೀವಿ.”