ಗೂಡು ಮಾರಿದ ಮೇಲಿನ ಬುಧವಾರ

ನಮ್ಮ ಮನೆಯಲ್ಲಿ ಆರು ಜನ. ಅಜ್ಜಿ, ಅಪ್ಪ, ಅವ್ವ, ನಾವು ಮೂರು ಜನ ಮಕ್ಕಳು. ಮೊನ್ನೆ ಮೊನ್ನೆಯವರೆಗೂ ಆರೂ ಜನ ಇರುವ ಫೋಟೊ ಒಂದೂ ಇರಲಿಲ್ಲ. ಮದುವೆ, ಜಾತ್ರೆ, ದೇವಸ್ಥಾನ, ಎಲ್ಲಿಗೆ ಹೋದರೂ ಒಬ್ಬರು ಮನೆಯಲ್ಲಿ ಉಳಿಯಲೇಬೇಕು. ರೇಷ್ಮೆ ಹುಳಕ್ಕೆ ಸೊಪ್ಪು ಹಾಕಬೇಕು, ಎರಡು ಹಸು ಕರೆದು ಡೇರಿಗೆ ಹಾಲು ಹಾಕಬೇಕು. ಉಳಿಯುವವರು ಹೆಚ್ಚಾಗಿ ಅಪ್ಪ. ಅಪ್ಪ ಹೊರಟರೆ ಅವ್ವ. ಇಬ್ಬರೂ ಒಟ್ಟಿಗೆ ಮನೆ ಬಿಟ್ಟು ಹೋಗಿದ್ದನ್ನು ನಾವು ನೋಡಿದ್ದು ಸಾವಿಗೆ ಮಾತ್ರ.

ನಮ್ಮೂರು ಚನ್ನಪಟ್ಟಣ ತಾಲ್ಲೂಕು. ಬಿಡದಿ ಹತ್ತಿರದ ವಂಡರ್‌ಲಾ ನಮಗೇನೂ ದೂರವಲ್ಲ. ಅದು ಶುರುವಾಗಿದ್ದು 2005ರಲ್ಲಿ. ನಮ್ಮಲ್ಲಿ ಇಬ್ಬರು ಹುಟ್ಟಿದ್ದೇ ಆಮೇಲೆ. ಬೆಂಗಳೂರಿಗೆ ಹೋಗುವಾಗೆಲ್ಲ ಬೋರ್ಡು ನೋಡಿದ್ದೇವೆ, ಒಳಗೆ ಕಾಲಿಟ್ಟಿರಲಿಲ್ಲ.

ಮೊದಲ ಸಲ ಹೋಗಿದ್ದು ಎರಡು ವರ್ಷದ ಹಿಂದೆ, ಮೇ ತಿಂಗಳ ಒಂದು ಭಾನುವಾರ. ಸ್ಕೂಲಿಗೆ ರಜೆ ಇದೆ, ಮಾವನ ಮಕ್ಕಳೂ ಬಂದಿದ್ದಾರೆ ಅನ್ನೋದಷ್ಟೇ ನಮ್ಮ ಲೆಕ್ಕ. ಹುಳ ಆಗ ತಾನೇ ನಾಲ್ಕನೇ ಜ್ವರದಿಂದ ಎದ್ದಿತ್ತು. ರೇಷ್ಮೆ ಸಾಕುವವರಿಗೆ ಗೊತ್ತು, ಅಲ್ಲಿಂದ ಹಣ್ಣಾಗುವವರೆಗೆ ಒಂದು ವಾರ ಹುಳ ಎಷ್ಟು ಸೊಪ್ಪು ಹಾಕಿದರೂ ಬೇಡ ಅನ್ನೋದಿಲ್ಲ. ಜೊತೆಗೆ ಬಿಸಿಲು, ಮನೆಗೆ ಗೋಣಿತಾಟು ಕಟ್ಟಿ ನೀರು ಚಿಮುಕಿಸುತ್ತಲೇ ಇರಬೇಕು. ಅಪ್ಪ, “ನೀವು ಹೋಗ್ಬನ್ನಿ, ನಾನು ಇನ್ನೊಂದ್ಸಲ ಬತ್ತೀನಿ” ಅಂದರು.

ಅಲ್ಲಿ ಹೋಗಿ ನೋಡಿದರೆ ನಮ್ಮ ಹಾಗೆಯೇ ಲೆಕ್ಕ ಹಾಕಿದ ಜನ ಎಷ್ಟೋ ಇದ್ದರು. ತಪ್ಪು ಪಾರ್ಕಿನದ್ದಲ್ಲ, ದಿನ ಆರಿಸಿದ ನಮ್ಮದೇ. ಪ್ರತಿ ಆಟಕ್ಕೂ ಸಾಲು. ಸಂಜೆ ಹಾಲು ಕರೆಯೋ ಹೊತ್ತಿಗೆ ಮನೆ ಸೇರಬೇಕು ಅಂತ ಅವ್ವ ಗಡಿಯಾರ ನೋಡುತ್ತಲೇ ಇದ್ದರು. ನಾವು ಆಡಿದ್ದು ನಾಲ್ಕೇ ಆಟ. ಚಿಕ್ಕವನಿಗೆ ದೊಡ್ಡ ಆಟಕ್ಕೆ ಬೇಕಾದ ಎತ್ತರ ಎರಡು ಬೆರಳು ಕಮ್ಮಿ ಬಂದು ಅತ್ತ. ಅವ್ವ ಸೀರೆಯಲ್ಲಿ ಬಂದಿದ್ದರಿಂದ ನೀರಿಗೆ ಇಳಿಯೋ ಹಾಗಿರಲಿಲ್ಲ. ನೀರಾಟಕ್ಕೆ ನೈಲಾನ್ ಥರದ ಬಟ್ಟೆಯೇ ಬೇಕು, ಕಾಟನ್ ಆಗೋದಿಲ್ಲ. ಅದು ನಮಗೆ ಗೊತ್ತಾಗಿದ್ದು ಅಲ್ಲಿಗೆ ಹೋದ ಮೇಲೆ. ಮನೆಗೆ ಬಂದಾಗ ಅಪ್ಪ ಸೊಪ್ಪು ಹಾಕುತ್ತಾ, “ಹೆಂಗಿತ್ತು?” ಅಂದರು. “ಚೆನ್ನಾಗಿತ್ತು” ಅಂದೆವು. ಅದಕ್ಕಿಂತ ಹೆಚ್ಚು ಹೇಳಲು ಏನೂ ಇರಲಿಲ್ಲ.

ಈ ವರ್ಷ ನಮ್ಮಲ್ಲಿ ದೊಡ್ಡವಳ ಮದುವೆ ನಿಶ್ಚಯವಾಯಿತು. ಶ್ರಾವಣದಲ್ಲಿ ಮುಹೂರ್ತ. ಆರು ಜನರ ಫೋಟೊ ಇಲ್ಲ ಅನ್ನೋದು ಆಗ ನೆನಪಾಯಿತು. ಮದುವೆ ಮನೆಯಲ್ಲಿ ತೆಗೆಯೋ ಫೋಟೊ ಬೇರೆ, ಅಲ್ಲಿ ಎಲ್ಲರೂ ಯಾರದೋ ಕೈಗೆ ಕಾಫಿ ಕೊಡುತ್ತಿರುತ್ತಾರೆ. ಎಲ್ಲರೂ ಒಂದು ದಿನ ಸುಮ್ಮನೆ ಎಲ್ಲಿಗಾದರೂ ಹೋಗಬೇಕು ಅಂದುಕೊಂಡೆವು. “ವಂಡರ್‌ಲಾಕ್ಕೇ ಹೋಗೋಣ, ಅಪ್ಪ ಬರಲಿ” ಅಂದವನು ಚಿಕ್ಕವನು.

ಯಾವಾಗ? ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಕೂತೆವು. ಏಪ್ರಿಲ್, ಮೇ ಬೇಡವೇ ಬೇಡ, ಜನ ಮತ್ತು ಬಿಸಿಲು. ದಸರಾ ರಜೆಯ ಹೊತ್ತಿಗೆ ದೊಡ್ಡವಳು ಗಂಡನ ಮನೆಯಲ್ಲಿರುತ್ತಾಳೆ. ನವೆಂಬರ್, ಡಿಸೆಂಬರ್‌ನಲ್ಲಿ ರಾಗಿ ಕೊಯ್ಲು. ಆಮೇಲೆ ಸ್ಕೂಲು ಮಕ್ಕಳ ಪ್ರವಾಸದ ಬಸ್ಸುಗಳು, ನೀರೂ ಚಳಿ. ಉಳಿದಿದ್ದು ಆಷಾಢ. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಯಾರ ಮನೆಯಿಂದಲೂ ಕರೆಯೋಲೆ ಬರೋದಿಲ್ಲ. ರಜೆಯ ತಿಂಗಳಲ್ಲದ್ದರಿಂದ ವಾರದ ಮಧ್ಯೆ ಜನವೂ ಕಮ್ಮಿ. ಟಿಕೆಟ್ ದರವೂ ದಿನ ನೋಡಿಕೊಂಡು ಬದಲಾಗುತ್ತೆ. ಭಾನುವಾರಕ್ಕೂ ಬುಧವಾರಕ್ಕೂ ಆರು ಜನಕ್ಕೆ ಲೆಕ್ಕ ಹಾಕಿ ನೋಡಿದರೆ ಉಳಿದ ದುಡ್ಡಲ್ಲಿ ಮಧ್ಯಾಹ್ನದ ಊಟ ಆಗುತ್ತಿತ್ತು.

ಆದರೆ ಕೊನೆಗೆ ದಿನ ಗೊತ್ತು ಮಾಡಿದ್ದು ಕ್ಯಾಲೆಂಡರ್ ಅಲ್ಲ, ಹುಳ. ಗೂಡು ಬಿಡಿಸಿ ರಾಮನಗರ ಮಾರ್ಕೆಟ್ಟಿಗೆ ಹಾಕಿದ ಮೇಲೆ ಹುಳದ ಮನೆ ತೊಳೆದು, ಬ್ಲೀಚಿಂಗ್ ಪೌಡರ್, ಸುಣ್ಣ ಹಾಕಿ, ಮತ್ತೆ ಚಾಕಿ ತರುವವರೆಗೆ ಸಿಗೋದು ಕೆಲವೇ ದಿನ. ಈ ಸಲ ಆ ದಿನಗಳೂ ಕೆಲಸದಲ್ಲೇ ಮುಗಿಯೋ ಹಾಗಿದ್ದವು. ಕ್ಯಾಲೆಂಡರ್ ಮುಂದೆ ನಾವು ಸುಮ್ಮನೆ ಕೂತಿದ್ದಾಗ ಅಪ್ಪ ಚಾಕಿ ಸೆಂಟರ್‌ಗೆ ಫೋನ್ ಮಾಡಿ, ನಾಲ್ಕು ದಿನ ತಡವಾಗಿ ತಗೋತೀನಿ ಅಂದರು. ಸೊಪ್ಪು ಬಲಿತರೆ ಹುಳಕ್ಕೆ ಒಳ್ಳೆಯದಲ್ಲ, ಅದು ಅಪ್ಪನಿಗೆ ಗೊತ್ತಿಲ್ಲದ್ದೇನಲ್ಲ. “ಒಂದು ಬೆಳೆ ವಸಿ ಕಮ್ಮಿ ಆದ್ರೆ ಆಯ್ತದೆ. ಮಗಳು ಮತ್ತೆ ಮನೇಲಿರ್ತಾಳಾ?” ಅಂದರು.

ಹಸುಗಳಿಗೆ ಪಕ್ಕದ ಮನೆ ದೊಡ್ಡವ್ವ ಒಪ್ಪಿಕೊಂಡರು. ದುಡ್ಡಿನ ಮಾತಲ್ಲ, ಮುಯ್ಯಿ. ಅವರು ಒಂದು ದಿನ ನಮ್ಮ ಹಸು ಕರೆದರೆ ಅವರ ಗೂಡು ಬಿಡಿಸೋಕೆ ನಾವು ಮೂರೂ ಜನ ಹೋಗಬೇಕು. ಚಿಕ್ಕವನು ರಜಾ ಚೀಟಿಯಲ್ಲಿ ಹೊಟ್ಟೆನೋವು ಅಂತ ಬರೆದಿದ್ದ. ಅಪ್ಪ ಅದನ್ನು ಹರಿದು, “ಅಕ್ಕನ ಜೊತೆ ಹೊರಗೆ ಹೋಗ್ತೀವಿ ಅಂತ ಬರಿ” ಅಂದರು. ಮೇಷ್ಟ್ರು ಸಹಿ ಹಾಕಿದರು.

ಬುಧವಾರ ಬೆಳಿಗ್ಗೆ ಹಾಲು ಹಾಕಿ ಹೊರಟೆವು. ಎಕ್ಸ್‌ಪ್ರೆಸ್‌ವೇ ಮೇಲೆ ಹೋಗೋ ಬಸ್ಸು ಬಿಡದಿಯಲ್ಲಿ ನಿಲ್ಲೋದಿಲ್ಲ, ಹಳೇ ರೋಡಿನ ಬಸ್ಸೇ ಹತ್ತಬೇಕು, ಕಂಡಕ್ಟರನ್ನು ಕೇಳಿಯೇ ಹತ್ತಿ. ಅಜ್ಜಿ, ಅವ್ವ, ನಾವಿಬ್ಬರು ಹುಡುಗಿಯರಿಗೆ ಶಕ್ತಿ ಟಿಕೆಟ್, ಕಾಸು ಕೊಟ್ಟಿದ್ದು ಅಪ್ಪನಿಗೂ ತಮ್ಮನಿಗೂ ಮಾತ್ರ. ಹೊರಗಿನ ತಿಂಡಿ ಪಾರ್ಕಿನ ಒಳಗೆ ಬಿಡೋದಿಲ್ಲ, ಅದಕ್ಕೇ ಬಿಡದಿಯಲ್ಲೇ ತಟ್ಟೆ ಇಡ್ಲಿ ತಿಂದು ಆಟೋ ಹತ್ತಿದೆವು.

ಸಣ್ಣಗೆ ಮಳೆ ಹನಿಯುತ್ತಿತ್ತು. ಸಾಲು ಇರಲಿಲ್ಲ ಅಂತಲ್ಲ, ಆದರೆ ಸಾಲಲ್ಲಿ ನಿಂತು ಮಾತು ಮುಗಿಯೋದರೊಳಗೆ ನಮ್ಮ ಸರದಿ ಬರುತ್ತಿತ್ತು. ಚಿಕ್ಕವನು ಅಳತೆ ಗೆರೆಯ ಹತ್ತಿರ ನಿಂತ, ಈ ಸಲ ಗೆರೆ ದಾಟಿದ್ದ. ಅಜ್ಜಿ ಎಲ್ಲರ ಚಪ್ಪಲಿ ಕಾಯುತ್ತಾ ಬೆಂಚಿನ ಮೇಲೆ ಕೂತು, ಮೇಲಿಂದ ಕೂಗುತ್ತಾ ಇಳಿಯುವವರನ್ನು ನೋಡಿ, “ಕಾಸು ಕೊಟ್ಟು ಅರಚ್ಕೋತಾವಲ್ಲ” ಅಂತ ನಕ್ಕರು. ಬೆಚ್ಚನೆ ನೀರಿನ ರೇನ್ ಡ್ಯಾನ್ಸ್ ಕಂಡು ಅಪ್ಪ, “ಹೊರಗೆ ದೇವರು ಪುಕ್ಕಟೆ ಸುರೀತಾವ್ನೆ, ಇಲ್ಲಿ ದುಡ್ಡು ಕೊಟ್ಟು ನೆನೀತಾವ್ರೆ” ಅಂದರು. ಹೇಳಿ ತಾವೇ ಮೊದಲು ಒಳಗೆ ಹೋದರು.

ಅವ್ವ ದೊಡ್ಡವಳ ಚೂಡಿದಾರ್ ಹಾಕಿಕೊಂಡಿದ್ದರು. ಮದುವೆಯಾದ ಮೇಲೆ ಸೀರೆ ಬಿಟ್ಟು ಹೊರಗೆ ಬಂದಿದ್ದು ಅದೇ ಮೊದಲು. ಬಟ್ಟೆ ಬದಲಿಸೋ ಕೋಣೆಯಿಂದ ಹೊರಗೆ ಬರೋಕೇ ಹತ್ತು ನಿಮಿಷ ಹಿಡಿಯಿತು. “ಯಾರಾದ್ರೂ ನಮ್ಮೂರವರು ಇದ್ದಾರಾ ನೋಡು” ಅಂತ ಒಳಗಿಂದಲೇ ಕೇಳಿದರು. ಯಾರೂ ಇರಲಿಲ್ಲ. ಅಲೆ ಬರೋ ಕೊಳದಲ್ಲಿ ಅಪ್ಪನ ಕೈ ಹಿಡಿದು ನಿಂತರು. ಮೊದಲ ಅಲೆಗೆ ಕಿರುಚಿದರು, ಎರಡನೆಯದಕ್ಕೆ ನಕ್ಕರು. ಅಪ್ಪ ಅವ್ವ ಕೈ ಹಿಡಿದು ನಿಂತಿದ್ದನ್ನು ನಾವು ಹಿಂದೆಂದೂ ನೋಡಿರಲಿಲ್ಲ. ಏನೂ ಮಾತಾಡದೆ ನಾವು ಆ ಕಡೆ ತಿರುಗಿಕೊಂಡೆವು.

ಸಂಜೆ ಗೇಟಿನ ಹತ್ತಿರ ಫೋಟೊ ತೆಗೆಸಿಕೊಂಡೆವು. ಆರೂ ಜನ ಇದ್ದೇವೆ. ಕೂದಲು ಒದ್ದೆ, ಅಜ್ಜಿ ಕಣ್ಣು ಮುಚ್ಚಿದ್ದಾರೆ. ಅದನ್ನೇ ದೊಡ್ಡದು ಮಾಡಿಸಿ ದೊಡ್ಡವಳ ಪೆಟ್ಟಿಗೆಯಲ್ಲಿ ಇಟ್ಟೆವು.

ನೀವೂ ಹೋಗೋದಾದರೆ ನಾವು ಹೇಳೋದು ಇಷ್ಟು. ವಾರದ ಮಧ್ಯೆ ಹೋಗಿ, ದರವನ್ನು ದಿನದ ಪ್ರಕಾರ ಮೊದಲೇ ನೋಡಿಕೊಳ್ಳಿ. ಟಿಕೆಟ್ಟಿಗೆ ಮಕ್ಕಳ ವಯಸ್ಸಲ್ಲ, ಎತ್ತರ ಲೆಕ್ಕ. 85 ಸೆಂಟಿಮೀಟರ್‌ಗಿಂತ ಕಮ್ಮಿ ಇರೋ ಮಗುವಿಗೆ ಟಿಕೆಟ್ ಬೇಕಿಲ್ಲ. ಮನೆಯ ಗೋಡೆಗೇ ನಿಲ್ಲಿಸಿ ಅಳೆದುಕೊಂಡು ಹೋಗಿ. ಅವ್ವನಿಗೆ ನೈಲಾನ್ ಬಟ್ಟೆ ಒಂದು ಜೊತೆ ಇಟ್ಟುಕೊಳ್ಳಿ. ಜೋರು ಮಳೆ, ಗುಡುಗು ಬಂದರೆ ದೊಡ್ಡ ಆಟ ನಿಲ್ಲಿಸುತ್ತಾರೆ, ನಿಲ್ಲಿಸಲೂ ಬೇಕು. ಆವಾಗ ಕಾಫಿ ಕುಡಿಯಿರಿ.

ತಿಂಗಳು ಯಾವುದು ಅಂತ ಮಾತ್ರ ನಾವು ಹೇಳೋದಿಲ್ಲ. ಭತ್ತದವರಿಗೆ ಒಂದು, ಕಬ್ಬಿನವರಿಗೆ ಒಂದು, ಮಾವಿನವರಿಗೆ ಇನ್ನೊಂದು. ಕ್ಯಾಲೆಂಡರ್ ನೋಡೋ ಮೊದಲು, ನಿಮ್ಮ ಮನೆಯಲ್ಲಿ ಯಾವಾಗಲೂ ಉಳಿದುಕೊಳ್ಳುವವರು ಯಾರು ಅಂತ ನೋಡಿ. ಅವರು ಹೊರಡಬಹುದಾದ ದಿನವನ್ನು ಗುರುತು ಮಾಡಿಕೊಳ್ಳಿ.

ಆ ಬೆಳೆಗೆ ಗೂಡು ಸ್ವಲ್ಪ ಕಮ್ಮಿಯೇ ಆಯಿತು. ಎಷ್ಟು ಕಮ್ಮಿ ಅಂತ ಅಪ್ಪ ಇನ್ನೂ ಹೇಳಿಲ್ಲ.